ಬೀರುವಿನ ಹಳೇ ಟ್ಯಾಬ್: ಬೀಗ ಬದಲಾಗಿದೆ, ಕೀಲಿ ಹಳೆಯದು

ಈ ಸಲ ಬಂದ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯವು. ಹತ್ತು ಹನ್ನೆರಡು ವರ್ಷದ ಟ್ಯಾಬ್ ಮನೆಯಲ್ಲಿದೆ. ಆಟ ಬೇಡ, ಸಿನಿಮಾ ಬೇಡ, ನಾಲ್ಕು ಪುಟ ಓದುವಂತಾದರೆ ಸಾಕು. ಆಗುತ್ತದೆಯೇ?

ಪ್ರಶ್ನೆ: 2013ರಲ್ಲಿ ಕೊಂಡ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ 2 (ಪಿ3100) ನಾಲ್ಕು ವರ್ಷ ಬೀರುವಿನಲ್ಲಿತ್ತು. ಅಪ್ಪನಿಗೆ ಬೆಳಿಗ್ಗೆ ಪೇಪರ್ ಓದಲು ಕೊಡೋಣವೆಂದು ತೆಗೆದರೆ ಏಳುತ್ತಲೇ ಇಲ್ಲ. ಒಮ್ಮೆ ಹೇಗೋ ಆನ್ ಆಯಿತು, ಆದರೆ ಮೊಬೈಲ್ ಚಾರ್ಜರಿಗೆ ಹಾಕಿದಾಗ ಬ್ಯಾಟರಿ ಚಿತ್ರದ ಮೇಲೆ ಕೆಂಪು ಗುಣಾಕಾರ ಚಿಹ್ನೆ ಬಂತು. ಬ್ಯಾಟರಿ ಸತ್ತಿದೆಯೇ? — ಶಿರಸಿಯ ಓದುಗರು

ಉತ್ತರ: ಆ ಕೆಂಪು ಚಿಹ್ನೆ ಬ್ಯಾಟರಿಯ ಮರಣಪತ್ರವಲ್ಲ. ‘ನನಗೆ ಬೇಕಾದಷ್ಟು ಕರೆಂಟು ಬರುತ್ತಿಲ್ಲ’ ಎಂದು ಟ್ಯಾಬ್ ಹೇಳುತ್ತಿದೆ, ಅಷ್ಟೇ. ಇದರ ಜೊತೆ ಬಂದಿದ್ದ ಚಾರ್ಜರ್ 5 ವೋಲ್ಟ್, 2 ಆಂಪಿಯರಿನದು. ಅದು ಯುಎಸ್‌ಬಿಯ ಎರಡು ಡೇಟಾ ತಂತಿಗಳ ಮೇಲೆ ಸುಮಾರು 1.2 ವೋಲ್ಟ್ ಇಟ್ಟು ‘ನಾನು ನಿನ್ನವನೇ’ ಎಂದು ಗುರುತು ಹೇಳುತ್ತಿತ್ತು. ಆ ಗುರುತು ಸಿಗದಿದ್ದರೆ ಟ್ಯಾಬ್ ಅರ್ಧ ಆಂಪಿಯರಿನ ಆಸುಪಾಸು ಮಾತ್ರ ಎಳೆಯುತ್ತದೆ. ಪರದೆ ಉರಿಯುತ್ತಿದ್ದರೆ ಅಷ್ಟೂ ಪರದೆಗೇ ಖರ್ಚು, ಬ್ಯಾಟರಿಗೆ ಉಳಿಯುವುದು ಸೊನ್ನೆ. ಹಳೇ ಚಾರ್ಜರ್ ಸಿಕ್ಕರೆ ಅದನ್ನೇ ಬಳಸಿ. ಇಲ್ಲದಿದ್ದರೆ ಟ್ಯಾಬನ್ನು ಪೂರ್ತಿ ಆಫ್ ಮಾಡಿ ಚಾರ್ಜಿಗೆ ಹಾಕಿ. ಬ್ಯಾಟರಿ 4000 ಎಂಎಎಚ್‌ನದು, ಅರ್ಧ ಆಂಪಿಯರಿನಲ್ಲಿ ತುಂಬಲು ಒಂಬತ್ತು ಹತ್ತು ಗಂಟೆ ಬೇಕು. ರಾತ್ರಿ ಪೂರ್ತಿ ಎಂದಿಟ್ಟುಕೊಳ್ಳಿ. ಇದರ 30 ಪಿನ್ನಿನ ಕೇಬಲ್ ನೋಡಲು ಹಳೇ ಐಪ್ಯಾಡಿನ ಕೇಬಲಿನಂತೆಯೇ ಇರುತ್ತದೆ, ಆದರೆ ಅದು ಬೇರೆ, ಇದು ಬೇರೆ. ಒತ್ತಿ ತುರುಕಬೇಡಿ.

ವರ್ಷಗಟ್ಟಲೆ ಸುಮ್ಮನೆ ಬಿದ್ದ ಲಿಥಿಯಂ ಸೆಲ್ಲಿನ ವೋಲ್ಟೇಜ್ 3ಕ್ಕಿಂತ ಕೆಳಗಿಳಿದಿರಬಹುದು. ಆ ಸ್ಥಿತಿಯಲ್ಲಿ ಚಾರ್ಜಿಂಗ್ ಸರ್ಕ್ಯೂಟ್ ಮೊದಲು ತೀರಾ ಸಣ್ಣ ಧಾರೆ ಬಿಡುತ್ತದೆ, ಪರದೆಯಲ್ಲಿ ಏನೂ ಕಾಣುವುದಿಲ್ಲ. ಬಹಳ ಜನ ಎಡವುವುದು ಇಲ್ಲಿಯೇ. ಐದೈದು ನಿಮಿಷಕ್ಕೆ ಪವರ್ ಬಟನ್ ಒತ್ತಿ ನೋಡುತ್ತಾರೆ. ಪ್ರತಿ ಸಲವೂ ಟ್ಯಾಬ್ ಏಳಲು ಹೋಗಿ, ಸೇರಿದ್ದ ಚೂರುಪಾರು ಚಾರ್ಜನ್ನು ತಿಂದು ಮತ್ತೆ ಮಲಗುತ್ತದೆ. ಮೂರು ಗಂಟೆ ಮುಟ್ಟದೆ ಬಿಡಿ. ಆಮೇಲೆ ಬಟನನ್ನು ಹದಿನೈದು ಸೆಕೆಂಡು ಒತ್ತಿ ಹಿಡಿಯಿರಿ.

ಇದಕ್ಕೆಲ್ಲ ಮೊದಲು ಒಂದು ಪರೀಕ್ಷೆ. ಟ್ಯಾಬನ್ನು ಸಮತಟ್ಟಾದ ಮೇಜಿನ ಮೇಲೆ ಅಂಗಾತ ಇಟ್ಟು ಮೂಲೆ ಒತ್ತಿ. ತೊಟ್ಟಿಲಿನಂತೆ ಆಡಿದರೆ ಅಥವಾ ಅಂಚಿನಲ್ಲಿ ಪರದೆ ಎದ್ದಿದ್ದರೆ ಬ್ಯಾಟರಿ ಉಬ್ಬಿದೆ. ಚಾರ್ಜಿಗೆ ಹಾಕಲೇಬೇಡಿ, ಚುಚ್ಚಬೇಡಿ, ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಕೊಡಿ. ಉಬ್ಬಿಲ್ಲ, ಆದರೆ ಚಾರ್ಜ್ ನಿಲ್ಲುತ್ತಿಲ್ಲ ಎಂದಾದರೆ ಅಂಗಡಿಯಲ್ಲಿ ಕೇಳಬೇಕಾದ ಬ್ಯಾಟರಿಯ ಸಂಖ್ಯೆ ಎಸ್‌ಪಿ4960ಸಿ3ಬಿ.

ಪ್ರಶ್ನೆ: ನನ್ನದೂ ಅದೇ ಕಾಲದ ಟ್ಯಾಬ್, ಆಂಡ್ರಾಯ್ಡ್ 4.2.2. ಆನ್ ಆಗುತ್ತದೆ, ವೈಫೈ ಸಿಗುತ್ತದೆ. ಆದರೆ ಯಾವ ತಾಣ ತೆರೆದರೂ ಸಂಪರ್ಕ ಸುರಕ್ಷಿತವಲ್ಲ ಎಂಬ ಎಚ್ಚರಿಕೆ. ಕೆಲವು ತಾಣ ತೆರೆದರೂ ಬಿಳಿ ಹಾಳೆ. ಫ್ಯಾಕ್ಟರಿ ರೀಸೆಟ್ ಮಾಡಿದ್ದಾಯಿತು, ಪ್ರಯೋಜನವಿಲ್ಲ. — ದಾವಣಗೆರೆಯ ಓದುಗರು

ಉತ್ತರ: ರೀಸೆಟ್ ಮಾಡಿದರೆ ಟ್ಯಾಬ್ 2013ಕ್ಕೆ ಹಿಂದಿರುಗುತ್ತದೆ, ನಿಮ್ಮ ತೊಂದರೆ ಇರುವುದೇ ಅದು 2013ರಲ್ಲಿ ನಿಂತಿರುವುದರಲ್ಲಿ. ಮೊದಲು ದಿನಾಂಕ ನೋಡಿ. ಬ್ಯಾಟರಿ ಪೂರ್ತಿ ಬರಿದಾದಾಗ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ. ಟ್ಯಾಬಿನ ಲೆಕ್ಕದಲ್ಲಿ ಇಸವಿ 2012 ಆಗಿದ್ದರೆ ಇವತ್ತಿನ ಎಲ್ಲ ಸರ್ಟಿಫಿಕೇಟುಗಳೂ (ತಾಣ ಅಸಲಿ ಎಂದು ಸಾರುವ ಗುರುತುಚೀಟಿಗಳು) ‘ಇನ್ನೂ ಹುಟ್ಟಿಲ್ಲದವು’. ಸೆಟ್ಟಿಂಗ್ಸ್‌ನ ಡೇಟ್ ಆ್ಯಂಡ್ ಟೈಮ್‌ನಲ್ಲಿ ಆಟೊಮ್ಯಾಟಿಕ್ ಗುರುತು ತೆಗೆದು ಕೈಯಿಂದಲೇ ದಿನಾಂಕ ಹಾಕಿ, ಟೈಮ್ ಝೋನ್ ಜಿಎಂಟಿ +5:30 ಇರಲಿ. ಅರ್ಧ ನಿಮಿಷದ ಕೆಲಸ, ಕೆಲವರ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಎರಡನೆಯ ಕಾರಣ ಸರ್ಟಿಫಿಕೇಟುಗಳದು. ತಾಣ ಅಸಲಿಯೇ ಎಂದು ತಿಳಿಯಲು ಬ್ರೌಸರ್ ನೋಡುವುದು ತನ್ನಲ್ಲಿರುವ ನಂಬಿಗಸ್ತರ ಪಟ್ಟಿಯನ್ನು. ಇಂದು ಲೆಕ್ಕವಿಲ್ಲದಷ್ಟು ತಾಣಗಳು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಉಚಿತ ಸರ್ಟಿಫಿಕೇಟ್ ಬಳಸುತ್ತವೆ. ಅದರ ಮೂಲ ಸರ್ಟಿಫಿಕೇಟಾದ ಐಎಸ್‌ಆರ್‌ಜಿ ರೂಟ್ ಎಕ್ಸ್1 ಎಂಬುದು ಆಂಡ್ರಾಯ್ಡ್ 7.1.1ಕ್ಕಿಂತ ಹಳೆಯ ಪಟ್ಟಿಗಳಲ್ಲಿ ಇಲ್ಲವೇ ಇಲ್ಲ. ಇನ್ನೊಂದು ಹಳೇ ಸರ್ಟಿಫಿಕೇಟಿನ ಜಾಮೀನಿನ ಮೇಲೆ ಇಷ್ಟು ದಿನ ನಡೆಯುತ್ತಿತ್ತು; ಆ ಜಾಮೀನು 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅದುವರೆಗೂ ತೆರೆಯುತ್ತಿದ್ದ ಪುಟ ಒಂದು ದಿನ ಇದ್ದಕ್ಕಿದ್ದಂತೆ ನಿಂತಿತು ಎನ್ನುವವರ ಅನುಭವದ ಹಿಂದೆ ಇರುವುದು ಸಾಮಾನ್ಯವಾಗಿ ಇದೇ.

ಮೂರನೆಯದು ಬ್ರೌಸರಿನ ವಯಸ್ಸು. ಕ್ರೋಮ್ ಆಂಡ್ರಾಯ್ಡ್ 4.1ರಿಂದ 4.3ರವರೆಗಿನ ಸಾಧನಗಳಲ್ಲಿ 71ನೇ ಆವೃತ್ತಿಗೆ ನಿಂತಿದೆ. 4.4ರಲ್ಲಿ 81, ಆಂಡ್ರಾಯ್ಡ್ 5ರಲ್ಲಿ 95, 6ರಲ್ಲಿ 106, 7ರಲ್ಲಿ 119 ಕೊನೆ. ತಾಣ ಕಟ್ಟುವವರು ಹೊಸ ಜಾವಾಸ್ಕ್ರಿಪ್ಟ್ (ಬ್ರೌಸರಿನೊಳಗೆ ಪುಟವನ್ನು ನಡೆಸುವ ಪ್ರೋಗ್ರಾಮ್) ಬರೆಯುತ್ತಾರೆ, ಹಳೇ ಬ್ರೌಸರಿಗೆ ಒಂದು ಸಾಲು ಅರ್ಥವಾಗದಿದ್ದರೂ ಇಡೀ ಸ್ಕ್ರಿಪ್ಟ್ ಕೈಬಿಡುತ್ತದೆ. ನೀವು ಕಾಣುವ ಬಿಳಿ ಹಾಳೆ ಅದು.

ಈ ಎರಡಕ್ಕೂ ಅರ್ಧಂಬರ್ಧವಾದರೂ ಮದ್ದು ಫೈರ್‌ಫಾಕ್ಸ್, ಏಕೆಂದರೆ ಅದು ಟ್ಯಾಬಿನ ಪಟ್ಟಿಯನ್ನು ನೆಚ್ಚದೆ ತನ್ನದೇ ಸರ್ಟಿಫಿಕೇಟ್ ಪಟ್ಟಿ ಹೊತ್ತು ಬರುತ್ತದೆ. ನಿಮ್ಮ 4.2.2ಕ್ಕೆ ಸಿಗುವ ಕೊನೆಯದು 68.11.0, 2020ರದು. ಬೇರೆ ಫೋನಿನಲ್ಲಿ ಮೊಜಿಲ್ಲಾದ ಆರ್ಕೈವ್ ತಾಣಕ್ಕೆ ಹೋಗಿ ಮೊಬೈಲ್, ರಿಲೀಸಸ್, 68.11.0, ಆಂಡ್ರಾಯ್ಡ್-ಎಪಿಐ-16 ಎಂಬ ಫೋಲ್ಡರುಗಳನ್ನು ಒಂದೊಂದಾಗಿ ತೆರೆದು ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ) ಕಡತ ಇಳಿಸಿಕೊಳ್ಳಿ. ಮೆಮೊರಿ ಕಾರ್ಡಿನಲ್ಲಿ ಟ್ಯಾಬಿಗೆ ಸಾಗಿಸಿ. ಸೆಟ್ಟಿಂಗ್ಸ್‌ನ ಸೆಕ್ಯುರಿಟಿಯಲ್ಲಿ ‘ಅನ್‌ನೋನ್ ಸೋರ್ಸಸ್’ ಗುರುತು ಹಾಕಿ ಇನ್‌ಸ್ಟಾಲ್ ಮಾಡಿ, ಮುಗಿದ ಮೇಲೆ ಗುರುತು ತೆಗೆಯಿರಿ. ಸಿಕ್ಕ ಸಿಕ್ಕ ಎಪಿಕೆ ತಾಣಗಳಿಂದ ಇಳಿಸಬೇಡಿ.

ಈ ಹಳೇ ಫೈರ್‌ಫಾಕ್ಸಿಗೆ ಜಾಹೀರಾತು ತಡೆಯುವ ಆಡ್‌ಆನ್ (ಬ್ರೌಸರಿಗೆ ಸೇರಿಸುವ ಪುಟ್ಟ ಪ್ರೋಗ್ರಾಮ್) ಹಾಕಲು ಹೋಗಿ ಸಮಯ ಹಾಳು ಮಾಡಿಕೊಳ್ಳಬೇಡಿ. ಆಡ್‌ಆನ್‌ಗಳನ್ನು ದೃಢೀಕರಿಸುವ ಮೊಜಿಲ್ಲಾದ ಸರ್ಟಿಫಿಕೇಟ್ 2025ರ ಮಾರ್ಚ್ 14ಕ್ಕೆ ಮುಗಿದಿದೆ, ಹಳೇ ಆವೃತ್ತಿಗಳಲ್ಲಿ ಅವು ನಡೆಯುವುದಿಲ್ಲ. ಬದಲಿಗೆ ಡಿಎನ್‌ಎಸ್ (ತಾಣದ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿ. ವೈಫೈ ಹೆಸರನ್ನು ಒತ್ತಿ ಹಿಡಿದು ಮಾಡಿಫೈ, ಅಡ್ವಾನ್ಸ್ಡ್, ಐಪಿ ಸೆಟ್ಟಿಂಗ್ಸ್‌ನಲ್ಲಿ ಸ್ಟ್ಯಾಟಿಕ್ ಆರಿಸಿ. ಡಿಎನ್‌ಎಸ್ 1ರಲ್ಲಿ 94.140.14.14, ಡಿಎನ್‌ಎಸ್ 2ರಲ್ಲಿ 94.140.15.15 ಹಾಕಿ, ಇದು ಜಾಹೀರಾತು ತಡೆಯುವ, ಆಡ್‌ಗಾರ್ಡ್‌ನ ಉಚಿತ ಸೇವೆ. ಐಪಿ ವಿಳಾಸದ ಕೊನೆಯ ಸಂಖ್ಯೆ ಮನೆಯ ಬೇರೆ ಸಾಧನದ್ದರ ಜೊತೆ ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳಿ. ಸುದ್ದಿ ತಾಣಗಳಲ್ಲಿ ಲೇಖನಕ್ಕಿಂತ ಜಾಹೀರಾತೇ ಭಾರ, 1 ಜಿಬಿ ರ‍್ಯಾಮಿನ ಟ್ಯಾಬಿನಲ್ಲಿ ಅದು ತಪ್ಪಿದರೆ ಪುಟ ಬರುವ ವೇಗ ಕಣ್ಣಿಗೆ ಕಾಣುವಷ್ಟು ಬದಲಾಗುತ್ತದೆ.

ಆಂಡ್ರಾಯ್ಡ್ 5, 6, 7 ಇರುವವರು ಅದೃಷ್ಟವಂತರು. ಅವರಿಗೆ ಫೈರ್‌ಫಾಕ್ಸ್ 143ರವರೆಗೆ ಸಿಗುತ್ತದೆ, ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಆಡ್‌ಆನ್ ಕೂಡ ನಡೆಯುತ್ತದೆ. 4.0 ಅಥವಾ ಅದಕ್ಕಿಂತ ಹಳೆಯದಿದ್ದರೆ ನನ್ನ ಸಲಹೆ: ಕೈಬಿಡಿ. ಆಂಡ್ರಾಯ್ಡಿಗೆ ಕನ್ನಡ ಲಿಪಿ ಬಂದದ್ದೇ 4.1ರಲ್ಲಿ, 2012ರಲ್ಲಿ. ಅದಕ್ಕೂ ಹಿಂದಿನದರಲ್ಲಿ ಸಾಮಾನ್ಯವಾಗಿ ಕನ್ನಡ ಪುಟ ಎಂದರೆ ಸಾಲುಸಾಲು ಚೌಕಗಳು. ಗಡಿಯಾರವಾಗಿಯೋ ಫೋಟೊ ಚೌಕಟ್ಟಾಗಿಯೋ ಇರಲಿ.

ಬ್ಯಾಂಕು, ಇಮೇಲು ಇಂಥ ಟ್ಯಾಬಿನಲ್ಲಿ ಖಂಡಿತ ಬೇಡ. ನಿಮ್ಮ ಮುಖ್ಯ ಗೂಗಲ್ ಖಾತೆಯನ್ನೂ ಹಾಕಬೇಡಿ, ಓದಲು ಖಾತೆ ಬೇಕಾಗಿಯೂ ಇಲ್ಲ.

ಪ್ರಶ್ನೆ: ಮೊದಲ ಐಪ್ಯಾಡ್ ಮಿನಿ, ಐಒಎಸ್ 9.3.5. ಇದಕ್ಕೂ ಫೈರ್‌ಫಾಕ್ಸ್ ಹಾಕಿದರೆ ಸರಿಹೋಗುತ್ತದೆಯೇ? — ಮೈಸೂರಿನ ಓದುಗರು

ಉತ್ತರ: ಇಲ್ಲ. ಐಪ್ಯಾಡಿನಲ್ಲಿ ಯಾವ ಹೆಸರಿನ ಬ್ರೌಸರ್ ಹಾಕಿದರೂ ಒಳಗೆ ಓಡುವುದು ಆಪಲ್‌ನ ವೆಬ್‌ಕಿಟ್ ಎಂಜಿನ್ನೇ. ಅಂಗಿ ಬೇರೆ, ಆಳು ಅವನೇ. ಆದ್ದರಿಂದ ಸಫಾರಿಯಲ್ಲೇ ರಿಪೇರಿ ಮಾಡಬೇಕು.

ಐಎಸ್‌ಆರ್‌ಜಿ ಮೂಲ ಸರ್ಟಿಫಿಕೇಟ್ ಐಒಎಸ್ 10ರಿಂದ ಇದೆ, 9ರಲ್ಲಿಲ್ಲ. ಅದನ್ನು ಕೈಯಾರೆ ಸೇರಿಸಬಹುದು. ಲೆಟ್ಸ್ ಎನ್‌ಕ್ರಿಪ್ಟ್ ತಾಣದಿಂದಲೇ ಇಳಿಸೋಣವೆಂದರೆ ಆ ತಾಣ ತೆರೆಯಲೂ ಅದೇ ಸರ್ಟಿಫಿಕೇಟ್ ಬೇಕು! ಹಾಗಾಗಿ ಬೀಗವಿಲ್ಲದ ಹಿತ್ತಲ ಬಾಗಿಲು ಬಳಸಿ. ವಿಳಾಸದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎಚ್‌ಟಿಟಿಪಿ (ಕೊನೆಗೆ ಎಸ್ ಇಲ್ಲದೆ), ಮಾಮೂಲಿನ ಕೋಲನ್ ಮತ್ತು ಎರಡು ಓರೆಗೆರೆ, ಆಮೇಲೆ ಎಕ್ಸ್1, ಚುಕ್ಕಿ, ಐ, ಚುಕ್ಕಿ, ಎಲ್-ಇ-ಎನ್-ಸಿ-ಆರ್, ಚುಕ್ಕಿ, ಒ-ಆರ್-ಜಿ. ಮನೆಯ ವೈಫೈನಲ್ಲೇ ಇದನ್ನು ಮಾಡಿ, ಹೋಟೆಲಿನಲ್ಲೋ ಬಸ್ ನಿಲ್ದಾಣದಲ್ಲೋ ಬೇಡ. ಪ್ರೊಫೈಲ್ ಇನ್‌ಸ್ಟಾಲ್ ಮಾಡುವ ಪರದೆ ಬಂದಾಗ ಹೆಸರು ಐಎಸ್‌ಆರ್‌ಜಿ ರೂಟ್ ಎಕ್ಸ್1 ಎಂದೂ ವಿವರದಲ್ಲಿ ಮುಗಿಯುವ ದಿನ 2035ರ ಜೂನ್ 4 ಎಂದೂ ಇದೆಯೇ ನೋಡಿ, ಆಮೇಲೆ ಒಪ್ಪಿ.

ಬಿಳಿ ಹಾಳೆಯ ತೊಂದರೆಗೆ ಒಂದು ಒರಟು ಉಪಾಯವಿದೆ: ಸೆಟ್ಟಿಂಗ್ಸ್, ಸಫಾರಿ, ಅಡ್ವಾನ್ಸ್ಡ್‌ಗೆ ಹೋಗಿ ಜಾವಾಸ್ಕ್ರಿಪ್ಟನ್ನೇ ಆಫ್ ಮಾಡಿ. ಬರಹವೇ ಮುಖ್ಯವಾದ ಪುಟಗಳು, ಉದಾಹರಣೆಗೆ ಕನ್ನಡ ವಿಕಿಪೀಡಿಯ, ಅದಿಲ್ಲದೆಯೂ ಚೆನ್ನಾಗಿ ತೆರೆಯುತ್ತವೆ. ಮೆನು, ಹುಡುಕುವ ಪೆಟ್ಟಿಗೆ ಅಲ್ಲಲ್ಲಿ ಕೈಕೊಡಬಹುದು. ಮನೆಯಲ್ಲಿ ಐಪ್ಯಾಡ್ ಏರ್ ಅಥವಾ ಮಿನಿ 2 ಇದ್ದರೆ ಈ ಒದ್ದಾಟ ಬಿಟ್ಟು ಅದನ್ನೇ ಬಳಸಿ, ಅವು ಐಒಎಸ್ 12ರವರೆಗೆ ಬಂದಿವೆ.

ಪ್ರಶ್ನೆ: 2012ರ ನೆಕ್ಸಸ್ 7 ಆಂಡ್ರಾಯ್ಡ್ 5.1.1ರಲ್ಲಿ ತೆವಳುತ್ತದೆ. 4.4.4ಕ್ಕೆ ಇಳಿಸಿದರೆ ವೇಗವಾಗುತ್ತದೆ ಎನ್ನುತ್ತಾರೆ. ಇಳಿಸಲೇ? — ಮಂಗಳೂರಿನ ಓದುಗರು

ಉತ್ತರ: ವೇಗವಾಗುವುದು ನಿಜ. ಆದರೆ ಬ್ರೌಸಿಂಗಿಗೆಂದು ಇಳಿಸುವುದಾದರೆ ಬೇಡ. 143ನೇ ಫೈರ್‌ಫಾಕ್ಸ್ ಕಳೆದುಕೊಂಡು 68ಕ್ಕೆ ಬೀಳುತ್ತೀರಿ; ಟ್ಯಾಬ್ ಓಡುತ್ತದೆ, ಪುಟ ತೆರೆಯುವುದಿಲ್ಲ. 5.1.1ರಲ್ಲೇ ಇದ್ದು ಬೇಕಾದ ಫೋಟೊ ಎತ್ತಿಟ್ಟು ರೀಸೆಟ್ ಮಾಡಿ. (ಆಂಡ್ರಾಯ್ಡ್ 5.1ರ ನಂತರದ ಹಲವು ಸಾಧನಗಳು ರೀಸೆಟ್ ಆದಮೇಲೆ ಹಳೇ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳುತ್ತವೆ. ಖಾತೆಯನ್ನು ಮೊದಲೇ ತೆಗೆದುಬಿಡುವುದು ಎಲ್ಲರಿಗೂ ಒಳ್ಳೆಯದು.) ಫೈರ್‌ಫಾಕ್ಸ್ ಒಂದನ್ನು ಹಾಕಿ, ಬಳಸದ ಗೂಗಲ್ ಆ್ಯಪ್‌ಗಳನ್ನು ಡಿಸೇಬಲ್ ಮಾಡಿ. ಡೆವಲಪರ್ ಆಪ್ಷನ್ಸ್‌ನಲ್ಲಿ ಮೂರೂ ಆನಿಮೇಷನ್ ಸ್ಕೇಲ್ ಆಫ್ ಮಾಡಿ. ಸ್ಟೋರೇಜ್ ತುಂಬಿದಷ್ಟೂ ಈ ಟ್ಯಾಬ್ ಮಂದವಾಗುತ್ತದೆ, ಮೂರು ಜಿಬಿಯಾದರೂ ಖಾಲಿ ಇರಲಿ. ರೀಸೆಟ್ ಆದ ಮೊದಲ ರಾತ್ರಿ ಚಾರ್ಜಿಗೆ ಹಾಕಿ ಹಾಗೇ ಬಿಡಿ: ಅಳಿಸಿದ ಜಾಗವನ್ನು ಚೊಕ್ಕ ಮಾಡುವ ಟ್ರಿಮ್ ಎಂಬ ಕೆಲಸ ಟ್ಯಾಬ್ ಸುಮ್ಮನಿದ್ದಾಗಲೇ ನಡೆಯುತ್ತದೆ.

ಪ್ರಶ್ನೆ: ಹೊಸ ಫೈಬರ್ ಸಂಪರ್ಕ ಬಂದ ಮೇಲೆ ಫೋನುಗಳಿಗೆಲ್ಲ ವೈಫೈ ಸಿಗುತ್ತದೆ, ಹಳೇ ಟ್ಯಾಬಿಗೆ ಹೆಸರೇ ಕಾಣುವುದಿಲ್ಲ. — ಹುಬ್ಬಳ್ಳಿಯ ಓದುಗರು

ಉತ್ತರ: ಆ ಕಾಲದ ಬಹಳಷ್ಟು ಟ್ಯಾಬುಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, 5 ಗೊತ್ತಿಲ್ಲ. ರೂಟರಿನ ಪುಟ ತೆರೆದು 2.4 ಆನ್ ಇದೆಯೇ ನೋಡಿ, ಎರಡಕ್ಕೂ ಒಂದೇ ಹೆಸರಿದ್ದರೆ ಬೇರೆ ಬೇರೆ ಹೆಸರು ಕೊಡಿ. ಚಾನೆಲ್ 1, 6 ಅಥವಾ 11 ಆರಿಸಿ. 12, 13ರಲ್ಲಿದ್ದರೆ ಅಮೆರಿಕದಿಂದ ತಂದ ಟ್ಯಾಬಿಗೆ ಅದು ಕಾಣುವುದೇ ಇಲ್ಲ. ಹೆಸರು ಕಂಡೂ ಪಾಸ್‌ವರ್ಡ್ ತಪ್ಪು ಎನ್ನುತ್ತಿದ್ದರೆ ಸೆಕ್ಯುರಿಟಿ ಡಬ್ಲ್ಯುಪಿಎ3ರಲ್ಲಿ (ವೈಫೈ ಕಾಯುವ ಹೊಸ ಪದ್ಧತಿ) ಇರಬಹುದು. ಡಬ್ಲ್ಯುಪಿಎ2, ಎಇಎಸ್‌ಗೆ ಬದಲಿಸಿ. ಮನೆಯ ಇಡೀ ವೈಫೈ ಇಳಿಸಲು ಮನಸ್ಸಿಲ್ಲದಿದ್ದರೆ ಗೆಸ್ಟ್ ನೆಟ್‌ವರ್ಕ್ ಒಂದನ್ನು 2.4ರಲ್ಲಿ ಡಬ್ಲ್ಯುಪಿಎ2 ಹಾಕಿ ಟ್ಯಾಬಿಗೆ ಬಿಟ್ಟುಕೊಡಿ. ಅಪ್‌ಡೇಟ್ ನಿಂತ ಸಾಧನ ಉಳಿದ ಸಾಧನಗಳಿಂದ ದೂರ ಇದ್ದಂತೆಯೂ ಆಯಿತು. ಫೋನಿನ ಹಾಟ್‌ಸ್ಪಾಟ್ ಬಳಸುವವರು ಅದರ ಬ್ಯಾಂಡನ್ನು 2.4ಕ್ಕೆ ಇಡಿ, ಐಫೋನಿನಲ್ಲಾದರೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಆನ್ ಮಾಡಿ.