ಅಪ್ಪನ ಹನ್ನೊಂದು ನೋಟ್‌ಪುಸ್ತಕಗಳು

ರಾಯಚೂರಿನ ನನ್ನ ಆಪ್ತಸಮಾಲೋಚನೆಯ ಕೊಠಡಿಗೆ ಅವರು ಬಂದದ್ದು ನಿದ್ದೆ ಬರುತ್ತಿಲ್ಲ ಎಂಬ ಕಾರಣಕ್ಕೆ. ಸುಮಾ ಎಂದು ಕರೆಯೋಣ; ವಯಸ್ಸು ಇಪ್ಪತ್ತೇಳು, ಅತಿಥಿ ಶಿಕ್ಷಕಿ. (ಹೆಸರನ್ನೂ ಗುರುತು ಸಿಗುವ ವಿವರಗಳನ್ನೂ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ.) ರಾತ್ರಿ ಎರಡಕ್ಕೆ ಎಚ್ಚರವಾಗುತ್ತದೆ, ಮೊಬೈಲ್ ಸದ್ದಾದರೆ ಅಂಗೈ ಬೆವರುತ್ತದೆ, ತರಗತಿಯಲ್ಲಿ ಹಾಜರಿ ಕೂಗುವಾಗ ಮಕ್ಕಳ ಹೆಸರು ತಪ್ಪುತ್ತದೆ. ಇಷ್ಟು ಹೇಳಿ ಸುಮ್ಮನಾದರು. ಎಂಟು ತಿಂಗಳ ಹಿಂದೆ ತಂದೆ ಸೇವೆಯಲ್ಲಿರುವಾಗಲೇ ಹೃದಯಾಘಾತದಿಂದ ತೀರಿಕೊಂಡಿದ್ದರು. ಅಗಲಿಕೆಯ ದುಃಖ ಎಂದು ನಾನು ಟಿಪ್ಪಣಿ ಬರೆದುಕೊಂಡೆ. ಮೊಬೈಲ್ ಸದ್ದಿಗೆ ಅಂಗೈ ಏಕೆ ಬೆವರಬೇಕು ಎಂದು ಕೇಳಿದ್ದು ಅರ್ಧ ಗಂಟೆಯ ನಂತರ, ಮೊದಲೇ ಕೇಳಬೇಕಿತ್ತು.

ತಂದೆ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ದುಡಿದವರು. ತೂಬು ತೆರೆಯುವುದು, ಮುಚ್ಚುವುದು, ಗೇಜ್ ನೋಡಿ ನೀರಿನ ಮಟ್ಟ ಬರೆಯುವುದು. ನಮ್ಮ ಭಾಗದವರಿಗೆ ಆ ಕೆಲಸದ ಕಷ್ಟ ವಿವರಿಸಬೇಕಾಗಿಲ್ಲ. ಮೇಲೆ ಗಂಗಾವತಿ, ಕಾರಟಗಿ ಕಡೆ ಭತ್ತ ತೆನೆಗಟ್ಟಿರುವಾಗ ಕೆಳಗೆ ಮಾನ್ವಿ, ಸಿರವಾರದ ರೈತರು ಬತ್ತಿದ ಉಪಕಾಲುವೆಯ ನೀರಿಗಾಗಿ ಧರಣಿ ಕೂತಿರುತ್ತಾರೆ. ನಡುವೆ ನಿಂತ ನೌಕರನಿಗೆ ಎರಡೂ ಕಡೆಯ ಬೈಗುಳ. ಕಚೇರಿಯ ರಿಜಿಸ್ಟರ್ ಬೇರೆಯೇ ಇತ್ತು. ಅದಲ್ಲದೆ ಅವರು ಅಂಗಡಿಯಿಂದ ತಂದ ನೂರು ಪುಟದ ನೋಟ್‌ಪುಸ್ತಕಗಳಲ್ಲಿ ಮನೆಯಲ್ಲಿ ಕೂತು ದಿನದ ಲೆಕ್ಕ ಬರೆಯುತ್ತಿದ್ದರು. ನೀರು ಎಷ್ಟು ಅಡಿ, ಯಾವ ತೂಬು, ರಾತ್ರಿ ಯಾರ ಫೋನ್ ಬಂತು, ಯಾರ ಮಾತಿಗೆ ಮೇಲ್ಭಾಗದಲ್ಲಿ ಕದ್ದು ನೀರೆತ್ತುವ ಪೈಪುಗಳನ್ನು ಕಂಡೂ ಕಾಣದಂತೆ ಬರಬೇಕಾಯಿತು. ಅದರ ನಡುವೆಯೇ ಮಗಳ ಜ್ವರ, ಅಮರೇಶ್ವರ ಜಾತ್ರೆಯ ಖರ್ಚು, ಮಗಳಿಗೆ ಕೊಂಡ ಹೊಸ ಚಪ್ಪಲಿಯ ಬೆಲೆ. ಒಟ್ಟು ಹನ್ನೊಂದು ಪುಸ್ತಕ.

ಅವು ತನಗೆ ಬೇಕು ಎಂದು ತಂದೆಯ ಮೇಲಧಿಕಾರಿಯೊಬ್ಬರು ಫೋನ್ ಮಾಡತೊಡಗಿದ್ದರು. 2024ರಲ್ಲಿ ಕರ್ನಾಟಕ ನೀರಾವರಿ ಕಾಯ್ದೆಗೆ ತಿದ್ದುಪಡಿ ತಂದು, ಕಾಲುವೆಯಿಂದ ಅಕ್ರಮವಾಗಿ ನೀರೆತ್ತುವುದರ ಮೇಲೆ ಹಿಡಿತ ಬಿಗಿಗೊಳಿಸಿದ್ದು ಅವರ ಆತುರಕ್ಕೆ ಕಾರಣವೆಂದು ನನ್ನ ಊಹೆ. ಮಾತು ಮಾತ್ರ ಬೆಲ್ಲ. "ನೀನು ನನ್ನ ಮಗಳಿದ್ದ ಹಾಗೆ. ನಿಮ್ಮಪ್ಪ ಹೋಗುವ ಮೊದಲು ನಿಮ್ಮನ್ನು ನನ್ನ ಕೈಗೆ ಒಪ್ಪಿಸಿದ್ದಾನೆ. ಪುಸ್ತಕ ತಂದುಕೊಡು, ಬೇಬಾಕಿ ಪತ್ರ ಅಂದೇ ಕೊಡುತ್ತೇನೆ. ಇಲ್ಲದಿದ್ದರೆ ಅವನ ಹೆಸರಿನಲ್ಲಿ ಏನೇನು ಹೊರಬರುತ್ತದೋ ನನಗೆ ಗೊತ್ತಿಲ್ಲ." ಕಾಲುವೆಯ ಏರಿಯ ಮೇಲೆ ಕುಸಿದು ಬಿದ್ದು ಹೋದವರು ಯಾರನ್ನು ಯಾರಿಗೆ ಒಪ್ಪಿಸಿಯಾರು? ಅದು ಸುಳ್ಳೆಂದು ಸುಮಾಗೂ ಗೊತ್ತಿತ್ತು. ಆದರೂ 'ಮಗಳು' ಎಂಬ ಒಂದು ಮಾತಿಗೆ ಅವರ ಬಾಯಿ ಕಟ್ಟುತ್ತಿತ್ತು. ಅತ್ತ, ಇಲಾಖೆಗೆ ಬಾಕಿ ಏನೂ ಇಲ್ಲವೆಂಬ ಆ ಬೇಬಾಕಿ ಪತ್ರವಿಲ್ಲದೆ, ಪಿಂಚಣಿಯ ಕಡತ ಅದನ್ನು ಮಂಜೂರು ಮಾಡುವ ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೆ ಹೋಗದೆ ನಿಂತಿತ್ತು. ಅವ್ವ ಎರಡು ತಿಂಗಳ ಹಿಂದೆ ಗುಮಾಸ್ತರೊಬ್ಬರ ಕೈಗೆ ಹದಿನೈದು ಸಾವಿರ ಕೊಟ್ಟು ಬಂದಿದ್ದರು.

ಎರಡನೆಯ ಭೇಟಿಯಲ್ಲಿ ನಾನು ಎಡವಿದೆ. "ನಿಮ್ಮ ತಂದೆ ಪ್ರಾಮಾಣಿಕರು, ಅದಕ್ಕೇ ಎಲ್ಲವನ್ನೂ ಬರೆದಿಟ್ಟಿದ್ದಾರೆ" ಎಂದುಬಿಟ್ಟೆ. ಸುಮಾ ಚೀಲ ಎತ್ತಿಕೊಂಡು ಎದ್ದರು. ಎರಡು ವಾರ ಬರಲಿಲ್ಲ. ಬಂದಾಗ ಏಳನೆಯ ಪುಸ್ತಕ ತಂದಿದ್ದರು. ಒಂದು ಪುಟದಲ್ಲಿ ಅದೇ ಅಕ್ಷರ: "ಎರಡು ಚೀಲ ಭತ್ತ. ತೂಬು ರಾತ್ರಿ ಮೂರು ತಾಸು." ಆ ದಿನ ಗೇಜಿನ ಅಡಿ ಬರೆದಿರಲಿಲ್ಲ.

ನಿದ್ದೆ ಕೆಡಿಸಿದ್ದು ಈ ಪುಟ. ಪುಸ್ತಕವನ್ನು ಅಧಿಕಾರಿಗೆ ಒಪ್ಪಿಸಿದರೆ ಅಪ್ಪನ ಅಕ್ಷರ ಮನೆ ಬಿಟ್ಟು ಹೋಗುತ್ತದೆ. ಅಧಿಕಾರಿಯ ವಿರುದ್ಧ ಬಳಸಿದರೆ ಆ ಎರಡು ಚೀಲವೂ ಊರ ಬಾಯಿಗೆ ಬೀಳುತ್ತದೆ.

ಈ ಪುಟವನ್ನು ಬೇರೆ ಯಾರಾದರೂ ಅವ್ವನಿಗೆ ತೋರಿಸುವ ಮೊದಲು ನೀವೇ ಓದಿ ಹೇಳಿ ಎಂದೆ. ತೀರಿಹೋದವರನ್ನು ಪಟಕ್ಕೇರಿಸಿದ ಮೇಲೆ ನಾವು ಅವರಿಗೆ ಒಂದು ತಪ್ಪನ್ನೂ ಉಳಿಸುವುದಿಲ್ಲ. ಆ ಅಧಿಕಾರಿ ಜೀವ ತೆಗೆಯುತ್ತಿದ್ದದ್ದು ಅದೇ ಪಟ ತೋರಿಸಿ. ಸುಮಾ ಮೂರು ದಿನ ತಡೆದು, ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಕೂತು ಓದಿದರಂತೆ. ಅವ್ವ ಕೈ ನಿಲ್ಲಿಸಲಿಲ್ಲ. "ಆ ಭತ್ತವನ್ನು ಗಿರಣಿಗೆ ಹಾಕಿಸಿದವಳು ನಾನೇ. ಆ ಅನ್ನ ನೀನೂ ಉಂಡಿದ್ದೀಯಲ್ಲ" ಎಂದರಂತೆ. ಇದನ್ನು ಹೇಳುವಾಗ ಸುಮಾ ನಕ್ಕರು, ಆಮೇಲೆ ತುಂಬ ಹೊತ್ತು ಅತ್ತರು. ಆ ದಿನ ನಾನು ಬೇರೇನೂ ಮಾತಾಡಲಿಲ್ಲ.

ಉಳಿದದ್ದು ಕಾಗದದ ಕೆಲಸ, ಅದನ್ನು ಬೇಗ ಹೇಳುತ್ತೇನೆ. ಸೇವೆಯಲ್ಲಿರುವಾಗ ತೀರಿಕೊಂಡವರ ಮನೆಯವರಿಗೆ ಕೊಡುವ ಅನುಕಂಪದ ನೌಕರಿಗೆ ಸಾವಿನ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ನಾಲ್ಕು ತಿಂಗಳು ಉಳಿದಿತ್ತು. ಮನಸ್ಸು ಸರಿಹೋಗಲಿ ಎಂದು ಕಾಯಬೇಡಿ, ಈ ವಾರವೇ ಕೊಟ್ಟು ಮುದ್ರೆ ಹಾಕಿದ ಸ್ವೀಕೃತಿ ತನ್ನಿ ಎಂದೆ. ಪಿಂಚಣಿ ಕಡತ ಯಾರ ಮೇಜಿನ ಮೇಲೆ ಎಷ್ಟು ದಿನದಿಂದ ಇದೆ ಎಂದು ಕೇಳಿ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ. ಮೂವತ್ತು ದಿನದಲ್ಲಿ ಉತ್ತರಿಸಬೇಕು. ಪುಸ್ತಕಗಳ ಜೆರಾಕ್ಸ್ ತೆಗೆಸಿ, ಮೂಲ ಪ್ರತಿ ಯಾರ ಕೈಗೂ ಕೊಡಬಾರದು. ಇನ್ನು ಆ ಹದಿನೈದು ಸಾವಿರ. ಬಲವಂತಕ್ಕೆ ಲಂಚ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ಕಾನೂನಿನ ರಕ್ಷಣೆ ಇದೆ. ಆ ಗಡುವು ಮೀರಿತ್ತು. ಇದು ನನ್ನ ವಿದ್ಯೆಯ ಆಚೆಗಿನದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕಳಿಸಿದೆ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಮತ್ತೆ ಹಣ ಕೇಳಿದರೆ ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಬಳಿ ಹೋಗಿ ಎಂದು ಅವ್ವನಿಗೂ ಕರೆಸಿ ಹೇಳಿದೆ.

ಕಚೇರಿಗೆ ಹೋಗುವ ಮುನ್ನ ಎರಡು ಸಲ ಅಭ್ಯಾಸ ಮಾಡಿದೆವು. ನಾನು ಅಧಿಕಾರಿಯಾದೆ, "ಬಾ ಮಗಳೇ, ಕೂಡು" ಎಂದೆ. ಮೊದಲ ಸಲ ಸುಮಾ ತಲೆ ತಗ್ಗಿಸಿ ಕೂತೇಬಿಟ್ಟರು. ಎರಡನೆಯ ಸಲ ನಿಂತೇ ಹೇಳಿದರು: "ಸರ್, ನನ್ನನ್ನು ಅರ್ಜಿದಾರಳೆಂದು ನೋಡಿ, ಸಾಕು. ಯಾವ ದಾಖಲೆ ಬೇಕು, ಯಾವ ನಿಯಮದ ಪ್ರಕಾರ ಬೇಕು, ಬರೆದು ಕೊಡಿ." ಅಲ್ಲಿಯೂ ಅದನ್ನೇ ಹೇಳಿದರು, ಸೋದರಮಾವನನ್ನು ಜೊತೆಗೆ ಕರೆದುಕೊಂಡು ಹೋಗಿ. ಸ್ವರ ನಡುಗಿತಂತೆ. ಬರೆದು ಕೊಡಲು ಅಧಿಕಾರಿ ಒಪ್ಪಲಿಲ್ಲ. ಫೋನ್ ಬರುವುದು ಮಾತ್ರ ನಿಂತಿತು.

ಮಾಹಿತಿ ಹಕ್ಕಿನ ಅರ್ಜಿ ಹಾಕಿದ ಮೂರು ವಾರಕ್ಕೆ ಬೇಬಾಕಿ ಪತ್ರ ಬಂತು. ನೌಕರಿಯ ಅರ್ಜಿ ಇನ್ನೂ ಬಾಕಿ. ಪುಸ್ತಕಗಳನ್ನು ಮುಂದಿಟ್ಟು ದೂರು ಕೊಡುವ ವಿಷಯದಲ್ಲಿ ಸುಮಾ ನಿರ್ಧರಿಸಿಲ್ಲ. ಕೊಡಲಿ ಎಂದು ನನ್ನ ಆಸೆ. ಕೆಳಭಾಗದ ರೈತರ ಮುಖ ಕಣ್ಣೆದುರು ಬರುತ್ತದೆ. ಆದರೆ ಆ ಮಾತನ್ನು ನಾನು ಅವರ ಮುಂದೆ ಆಡಿಲ್ಲ.

ಈಗ ಮೂಲ ಪುಸ್ತಕಗಳು ಅವ್ವನ ಟ್ರಂಕಿನಲ್ಲಿವೆ. ಸುಮಾ ಒಂದನೆಯದರಿಂದ ಓದುತ್ತಾ ನಾಲ್ಕನೆಯದಕ್ಕೆ ಬಂದಿದ್ದಾರೆ. ಕಳೆದ ವಾರ ಕೊಠಡಿಗೆ ಬಂದವರು ಕೂರುವ ಮೊದಲೇ ಹೇಳಿದ್ದು ಆ ಚಪ್ಪಲಿಯ ಸುದ್ದಿ. ಕೊಂಡ ಮೂರನೆಯ ದಿನವೇ ಅದರಲ್ಲೊಂದು ಕಾಲುವೆಗೆ ಬಿದ್ದು ಹೋಗಿತ್ತಂತೆ. ಆ ದಿನದ ಪುಟದಲ್ಲಿ ಅಪ್ಪ ನೀರಿನ ಅಡಿ ಬರೆದು, ಪಕ್ಕದಲ್ಲಿ "ಬಲಗಾಲಿನದು" ಎಂದಷ್ಟೇ ಬರೆದಿದ್ದಾರೆ.