ಉದ್ಗಾರಗಳನ್ನು ಬಿಟ್ಟು ಓದಿದರೆ?

ಪ್ರಶ್ನೆ: ಇಂಗ್ಲಿಷ್ ನಾಟಕಗಳಲ್ಲಿ ಓ, ಅಲಾಸ್, ಟಷ್, ಝೌಂಡ್ಸ್ ಎಂಬ ಉದ್ಗಾರಗಳು ಹೆಜ್ಜೆಹೆಜ್ಜೆಗೂ ಬರುತ್ತವೆ. ನಿಘಂಟು ‘ದುಃಖಸೂಚಕ’, ‘ತಿರಸ್ಕಾರಸೂಚಕ’ ಎಂದು ಹೇಳಿ ಕೈತೊಳೆದುಕೊಳ್ಳುತ್ತದೆ. ಇವುಗಳನ್ನು ಬಿಟ್ಟು ಓದಿದರೆ ಏನು ನಷ್ಟ? ‘ಓ’ ಮತ್ತು ‘ಓಹ್’ ಬೇರೆ ಬೇರೆಯೇ?

ಉತ್ತರ: ನಷ್ಟವೇನೆಂದು ಊಹಿಸಬೇಕಾಗಿಲ್ಲ, ಅಂಥದೊಂದು ಪಠ್ಯ ಅಚ್ಚಾಗಿಯೇ ಇದೆ. ರಂಗದ ಮೇಲೆ ದೇವರ ಹೆಸರನ್ನು ಹಗುರವಾಗಿ ಎತ್ತಿದರೆ ಸಲಕ್ಕೆ 10 ಪೌಂಡ್ ದಂಡವೆಂದು ಇಂಗ್ಲೆಂಡಿನ ಪಾರ್ಲಿಮೆಂಟು 1606ರಲ್ಲಿ ಕಾಯ್ದೆ ಮಾಡಿತು. ಝೌಂಡ್ಸ್ ಎಂದರೆ ದೇವರ ಗಾಯಗಳ ಮೇಲಿನ ಆಣೆ, ಸ್ಬ್ಲಡ್ ಎಂದರೆ ದೇವರ ರಕ್ತದ ಮೇಲಿನ ಆಣೆ. ಷೇಕ್ಸ್‌ಪಿಯರನ ‘ಒಥೆಲೊ’ 1622ರಲ್ಲಿ ಅಚ್ಚಾದಾಗ ಅದರ ಖಳನಾಯಕ ಇಯಾಗೊ ಬಾಯಿ ತೆರೆಯುವುದೇ ಸ್ಬ್ಲಡ್ ಎಂದು. ಮರುವರ್ಷದ ಫೋಲಿಯೊದಲ್ಲಿ, ಅಂದರೆ ಷೇಕ್ಸ್‌ಪಿಯರನ ನಾಟಕಗಳ ದೊಡ್ಡ ಸಂಗ್ರಹದಲ್ಲಿ, ಆ ಆಣೆ ಮಾಯ. ‘ಆದರೆ ನೀನು ನನ್ನ ಮಾತು ಕೇಳುವುದಿಲ್ಲವಲ್ಲ’ ಎಂದಷ್ಟೇ ಉಳಿದಿದೆ. ಒರಟು ಬಾಯಿಯ ಸಿಪಾಯಿ ಸಂಭಾವಿತನಾಗಿಬಿಟ್ಟ! ಅದಕ್ಕೂ ಮೊದಲು, ನಾಟಕದ ಮೊಟ್ಟಮೊದಲ ಪದವಾಗಿದ್ದ, ಇಯಾಗೊನ ಜೊತೆಗಾರ ರೊಡೆರಿಗೊನ ‘ಟಷ್’ ಕೂಡ ಹೋಗಿದೆ. ಅದರಲ್ಲಿ ದೇವರೂ ಇಲ್ಲ, ಆಣೆಯೂ ಇಲ್ಲ, ಬರೀ ಅಸಹನೆ. ಜಗಳದ ನಡುವೆ ತೆರೆ ಏಳುತ್ತಿದೆ ಎಂಬುದು ಆ ಒಂದು ಪದದಿಂದಲೇ ಕಿವಿಗೆ ಬೀಳುತ್ತಿತ್ತು.

ನನ್ನ ಮಟ್ಟಿಗೆ ಉದ್ಗಾರವೆಂದರೆ ಅರ್ಥಕ್ಕಿಂತ ಹೆಚ್ಚಾಗಿ ನಟನ ಉಸಿರಿಗೆ ಕೊಟ್ಟ ಸೂಚನೆ. ‘ಮ್ಯಾಕ್‌ಬೆತ್’ನ ಐದನೆಯ ಅಂಕದಲ್ಲಿ ನಿದ್ದೆಯಲ್ಲಿ ನಡೆಯುವ ಲೇಡಿ ಮ್ಯಾಕ್‌ಬೆತ್ ತನ್ನ ಕೈ ಮೂಸಿ, ರಕ್ತದ ವಾಸನೆ ಹೋಗಿಲ್ಲವೆಂದು ಕೊರಗಿ, ‘ಓ, ಓ, ಓ’ ಎನ್ನುತ್ತಾಳೆ. ಇದನ್ನು ಕಿರುಚಬೇಕೋ ನರಳಬೇಕೋ? ಪಕ್ಕದಲ್ಲಿದ್ದ ವೈದ್ಯನ ಮರುಮಾತು ‘ಎಂಥ ನಿಟ್ಟುಸಿರು!’ ಎಂದು. ಕಿರುಚುವ ನಟಿಯರು ಈ ವೈದ್ಯನ ಮಾತು ಕೇಳಿಸಿಕೊಳ್ಳುವುದು ಒಳ್ಳೆಯದು. ಫೋಲಿಯೊದ ಹ್ಯಾಮ್ಲೆಟ್ ‘ಇನ್ನುಳಿದದ್ದು ಮೌನ’ ಎಂದ ಮೇಲೂ ನಾಲ್ಕು ಸಲ ‘ಓ’ ಎಂದೇ ಸಾಯುತ್ತಾನೆ. ಅನೇಕ ಸಂಪಾದಕರಿಗೆ ಇದು ಮುಜುಗರ, ಹಾಗಾಗಿ ಕತ್ತರಿಸಿದ್ದಾರೆ. ನಾನಾಗಿದ್ದರೆ ಉಳಿಸುತ್ತಿದ್ದೆ, ಸಾಯುವವನ ಕೊನೆಯುಸಿರು ಸೊಗಸಾದ ವಾಕ್ಯಕ್ಕಾಗಿ ಕಾಯುವುದಿಲ್ಲ.

ಇನ್ನು ಓ ಮತ್ತು ಓಹ್. ಇಂದಿನ ಬರವಣಿಗೆಯಲ್ಲಿ ‘ಓ’ ಸಂಬೋಧನೆಗೆ: ಸದಾ ದೊಡ್ಡಕ್ಷರ, ನಂತರ ಅಲ್ಪವಿರಾಮವಿಲ್ಲ. ಕವಿ ಷೆಲ್ಲಿ ಪಶ್ಚಿಮದ ಗಾಳಿಯನ್ನು ಕರೆದದ್ದು ಹೀಗೆ. ‘ಓಹ್’ ಬೆರಗಿಗೆ, ನೋವಿಗೆ. ಅದರ ನಂತರ ಸಾಮಾನ್ಯವಾಗಿ ಅಲ್ಪವಿರಾಮವೋ ಉದ್ಗಾರಚಿಹ್ನೆಯೋ ಬರುತ್ತದೆ. ಹಳೆಯ ಮುದ್ರಕರು ಈ ಶಿಸ್ತನ್ನು ಪಾಲಿಸುತ್ತಿರಲಿಲ್ಲ, ಅಲ್ಲಿ ಹುಡುಕಲು ಹೋಗಬೇಡಿ.

ಅಲಾಸ್ ಈಗ ವ್ಯಂಗ್ಯಕ್ಕೆ ಇಳಿದಿದೆ. ಅದನ್ನು ಗಂಭೀರವಾಗಿ ಬಳಸುವವರು ಕಡಿಮೆ. ನೀವು ಇಂಗ್ಲಿಷಿನಲ್ಲಿ ಸಂತಾಪಪತ್ರ ಬರೆಯುವಾಗ ದಯವಿಟ್ಟು ಅದರ ತಂಟೆಗೆ ಹೋಗಬೇಡಿ.