ಲಿಸ್ಬನ್‌ನಿಂದ ಫ್ರಾಂಕ್‌ಫರ್ಟ್‌ಗೆ ಎಷ್ಟು ಕಿ.ಮೀ., ವಿಮಾನದಲ್ಲಿ ಎಷ್ಟು ಹೊತ್ತು? ಅದೇ ದಿನ ಬೇರೆ ಟಿಕೆಟ್‌ನಲ್ಲಿ ಬೆಂಗಳೂರಿಗೆ ಹೊರಡಬೇಕು

ದೂರ ಸುಮಾರು 1,870 ಕಿ.ಮೀ., ವಿಮಾನದಲ್ಲಿ ಹೆಚ್ಚುಕಡಿಮೆ 3 ಗಂಟೆ. ಆದರೆ ದಯವಿಟ್ಟು ಇದನ್ನೇ ನಂಬಿಕೊಂಡು ಟಿಕೆಟ್ ತೆಗೆಯಬೇಡಿ. ನಾನು ಹಾಗೆ ಮಾಡಿ ತಂಗಿ ಮದುವೆಯ ಚಪ್ಪರದ ಶಾಸ್ತ್ರ ತಪ್ಪಿಸಿಕೊಂಡೆ.

ಆಗ ನನಗೆ ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ. ಮದುವೆಗೆ ಸ್ವಲ್ಪ ಮುಂಚೆ ಹತ್ತು ದಿನ ಲಿಸ್ಬನ್‌ಗೆ ಹೋಗಬೇಕಾಯಿತು. ಹೋಗುವಾಗ ಬೆಳಿಗ್ಗೆ 9ಕ್ಕೆ ಹೊರಟೆ, ದಾರಿಯುದ್ದಕ್ಕೂ ನಿದ್ದೆ, ಇಳಿದು ಫೋನ್ ನೋಡಿದರೆ 11 ಗಂಟೆ. ಓ, ಎರಡೇ ಗಂಟೆ ದಾರಿ ಅಂತ ತಲೆಯಲ್ಲಿ ಕೂತುಬಿಟ್ಟಿತು. ತಪ್ಪು ಆಗಿದ್ದು ಅಲ್ಲೇ. ಪೋರ್ಚುಗಲ್ ಗಡಿಯಾರ ಜರ್ಮನಿಗಿಂತ ವರ್ಷವಿಡೀ ಒಂದು ಗಂಟೆ ಹಿಂದೆ. ಹಾಗಾಗಿ 3 ಗಂಟೆ ಹಾರಿದರೂ ಹೋಗುವಾಗ ಗಡಿಯಾರದಲ್ಲಿ 2 ಗಂಟೆ ಕಾಣುತ್ತದೆ, ಬರುವಾಗ 4 ಗಂಟೆ. ಒಂದು ಗಂಟೆ ವ್ಯತ್ಯಾಸ, ಆದರೆ ನನ್ನ ಲೆಕ್ಕ ತಪ್ಪಿದ್ದು ಎರಡು ಗಂಟೆ. ಇದನ್ನು ಎರಡು ಸಲ ಓದಿ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ.

ಬೆಂಗಳೂರು ಟಿಕೆಟ್ ಮೊದಲೇ ತೆಗೆದಿದ್ದೆ, ಮಧ್ಯಾಹ್ನ 1:15ಕ್ಕೆ. ಲಿಸ್ಬನ್‌ನಿಂದ ಬೆಳಿಗ್ಗೆ 7ರ ವಿಮಾನ ಅಗ್ಗಕ್ಕೆ ಸಿಕ್ಕಿತು. 9ಕ್ಕೆ ಇಳಿಯುತ್ತೇನೆ, ನಾಲ್ಕು ಗಂಟೆ ಕೈಯಲ್ಲಿದೆ ಅಂದುಕೊಂಡೆ. ಇಳಿಯುವ ಸಮಯ ಟಿಕೆಟ್‌ನಲ್ಲೇ ಇತ್ತು, 11:00 ಅಂತ. ನಾನು ಹೊರಡುವ ಸಮಯ ಮತ್ತು ದುಡ್ಡು ಎರಡನ್ನೇ ನೋಡಿದ್ದೆ.

ವಿಮಾನ 35 ನಿಮಿಷ ತಡವಾಯಿತು. ಬೇರೆ ಬೇರೆ ಟಿಕೆಟ್ ಆದ್ದರಿಂದ ಬ್ಯಾಗ್ ನಾನೇ ತೆಗೆದುಕೊಂಡು ಮತ್ತೆ ಚೆಕ್ ಇನ್ ಮಾಡಿಸಬೇಕು. ಬೆಲ್ಟ್ ಮೇಲೆ ಯಾರದೋ ನೀಲಿ ಸೂಟ್‌ಕೇಸ್ ಒಂದೇ ಸುತ್ತುತ್ತಾ ಇತ್ತು, ನನ್ನದು ಬರಲೇ ಇಲ್ಲ. ಕೊನೆಗೆ ಬಂತು, ಓಡಿದೆ. ಕೌಂಟರ್ ಮುಟ್ಟಿದಾಗ 12:25. ಅಲ್ಲಿ 12:15ಕ್ಕೇ ಮುಚ್ಚಿದ್ದರು. ಕೂತಿದ್ದ ಹುಡುಗಿ ಪಾಪ ಫೋನ್ ಮಾಡಿ ಕೇಳಿದಳು, ಆಗಲಿಲ್ಲ. ವಿಮಾನ ಇನ್ನೂ ಅಲ್ಲೇ ನಿಂತಿತ್ತು. ಮಾರನೇ ದಿನಕ್ಕೆ ಹೊಸ ಟಿಕೆಟ್, ಪೂರ್ತಿ ದುಡ್ಡು ನನ್ನದೇ. ಅಮ್ಮ ಹಾಲುಗಂಬಕ್ಕೆ ಅರಿಶಿನ ಹಚ್ಚುವುದನ್ನು ವಿಡಿಯೋ ಕಾಲ್‌ನಲ್ಲಿ ನೋಡಿದೆ. ಮುಹೂರ್ತಕ್ಕೆ ತಲುಪಿದೆ ನಿಜ, ಆದರೂ ಆ ಸಂಜೆ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ.

ಅದಕ್ಕೇ ಹೇಳುತ್ತೇನೆ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಎಷ್ಟು ಕಿ.ಮೀ., ಎಷ್ಟು ಹೊತ್ತು ಅನ್ನುವುದು ಬೇಕಾಗಿಲ್ಲ. ಫ್ರಾಂಕ್‌ಫರ್ಟ್ ಗಡಿಯಾರದ ಪ್ರಕಾರ ಎಷ್ಟಕ್ಕೆ ಇಳಿಯುತ್ತೀರಿ, ಬೆಂಗಳೂರು ಕೌಂಟರ್ ಎಷ್ಟಕ್ಕೆ ಮುಚ್ಚುತ್ತದೆ, ಅಷ್ಟು ನೋಡಿ. ಲಿಸ್ಬನ್‌ನಿಂದ ಬಂದಾಗ ಸಾಮಾನ್ಯವಾಗಿ ಪಾಸ್‌ಪೋರ್ಟ್ ತಪಾಸಣೆ ಇರುವುದಿಲ್ಲ, ಎರಡೂ ಷೆಂಗೆನ್, ಅಂದರೆ ತಮ್ಮೊಳಗೆ ಗಡಿ ತಪಾಸಣೆ ಬೇಡ ಅಂತ ಒಪ್ಪಿಕೊಂಡ ಯುರೋಪ್ ದೇಶಗಳ ಗುಂಪಿನಲ್ಲಿವೆ. ಆದರೆ ಬೆಂಗಳೂರಿಗೆ ಹೊರಡುವಾಗ ಇರುತ್ತದೆ, ಆ ಸಾಲು ಉದ್ದ ಇರಬಹುದು.

ನನ್ನನ್ನು ಕೇಳಿದರೆ, ಎರಡನ್ನೂ ಒಂದೇ ಬುಕಿಂಗ್‌ನಲ್ಲಿ ತೆಗೆಯಿರಿ, ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ. ಬ್ಯಾಗ್ ಸಾಮಾನ್ಯವಾಗಿ ನೇರ ಬೆಂಗಳೂರಿಗೆ ಹೋಗುತ್ತದೆ, ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಬೇರೆ ವಿಮಾನಕ್ಕೆ ಹತ್ತಿಸುವ ಜವಾಬ್ದಾರಿ ಅವರದು. ಅದು ಆಗಲ್ಲ ಅಂದರೆ ಹಿಂದಿನ ರಾತ್ರಿಯೇ ಫ್ರಾಂಕ್‌ಫರ್ಟ್‌ಗೆ ಬಂದು ಮಲಗಿ. ಟಿಕೆಟ್ ಆಗಲೇ ತೆಗೆದಿದ್ದರೆ ಎರಡರ ಸಮಯವನ್ನೂ ಕಾಮೆಂಟ್‌ನಲ್ಲಿ ಹಾಕಿ, ನೋಡಿ ಹೇಳುತ್ತೇನೆ.